ಓಣಿಯ ಗಟಾರಕ್ಕೆ ಯಾರ ದುಡ್ಡು?

ಮುಂಗಾರಿನ ಮೊದಲ ಜೋರು ಮಳೆ ಹಳೆಯ ಊರುಗಳಲ್ಲಿ ಒಂದು ಸೋಜಿಗವನ್ನು ಬಯಲಿಗೆ ತರುತ್ತದೆ. ಒಂದು ಕಾಲಕ್ಕೆ ಓಣಿಯಿಂದ ಎರಡು ಮೆಟ್ಟಿಲು ಹತ್ತಿ ಹೋಗಬೇಕಾಗಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ಮನೆ ಕುಸಿದಿಲ್ಲ, ರಸ್ತೆ ಬೆಳೆದಿದೆ! ಮೊದಲಿಗೆ ಬರೀ ಮಣ್ಣು, ಅದರ ಮೇಲೆ ಗರಸು, ಗರಸಿನ ಮೇಲೆ ಫರಸಿಕಲ್ಲು, ಫರಸಿಯ ಮೇಲೆ ಕಾಂಕ್ರೀಟು, ಹತ್ತು ವರ್ಷ ಕಳೆಯುವುದರೊಳಗೆ ಆ ಕಾಂಕ್ರೀಟಿನ ಮೇಲೆ ಇನ್ನೊಂದು ಕಾಂಕ್ರೀಟು. ಹಳೆಯದನ್ನು ಕಿತ್ತು ಹಾಕುವ ಉಸಾಬರಿ ಯಾರಿಗೂ ಬೇಡ. ಪ್ರತಿ ಸಲವೂ ಓಣಿ ನಾಲ್ಕಾರು ಬೆರಳು ಏರುತ್ತದೆ, ಹೊಸ್ತಿಲು ಅಷ್ಟೇ ತಗ್ಗುತ್ತದೆ. ಗಟಾರದಲ್ಲಿ ಹರಿಯಬೇಕಾದ ನೀರು ಪಡಸಾಲೆಯಲ್ಲಿ ನಿಲ್ಲುತ್ತದೆ.

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಇಂಥ ಹಳೆಯ ಊರುಗಳ ಸಾಲಿಗೆ ಸೇರಿದ್ದು. ನಿಜಾಮರ ಕಾಲದಲ್ಲಿ ನಾಯಕ ಮನೆತನವೊಂದು ಆಳಿದ ಪುಟ್ಟ ಸಂಸ್ಥಾನ ಇದು. ಸಮೀಪದ ಅಮರೇಶ್ವರ ಕ್ಷೇತ್ರದಿಂದಾಗಿ ಸುತ್ತಲ ಸೀಮೆಯ ಭಕ್ತರಿಗೆಲ್ಲ ಪರಿಚಿತ ಹೆಸರು. ಹಟ್ಟಿಯ ಚಿನ್ನದ ಗಣಿ ಇರುವುದೂ ಇದೇ ತಾಲ್ಲೂಕಿನಲ್ಲಿ. ಲಿಂಗಸುಗೂರು, ಮಸ್ಕಿಗಳು ಪುರಸಭೆಗಳಾಗಿವೆ, ಸಿಂಧನೂರು ನಗರಸಭೆ, ಹಟ್ಟಿ ಪಟ್ಟಣ ಪಂಚಾಯಿತಿ. ಗುರುಗುಂಟಾದ ಕಾರುಬಾರು ಗ್ರಾಮ ಪಂಚಾಯಿತಿಯದು. ಆದರೆ ರಸ್ತೆ, ಗಟಾರಗಳ ವಿಷಯಕ್ಕೆ ಬಂದರೆ ಊರು ಹಳ್ಳಿಯೋ ಪಟ್ಟಣವೋ ಎಂಬುದರಿಂದ ಹೆಚ್ಚಿನ ವ್ಯತ್ಯಾಸವೇನೂ ಆಗುವುದಿಲ್ಲ. ಎಲ್ಲೆಡೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಕೆಲಸಕ್ಕೆ ದುಡ್ಡು ಯಾರು ಕೊಡಬೇಕು? ಕೊಡುವುದಾದರೆ ಯಾವ ಮನೆ ಎಷ್ಟು ಕೊಡಬೇಕು?

ಈ ಭಾಗದಲ್ಲಿ ಈ ಪ್ರಶ್ನೆ ಸಾಮಾನ್ಯವಾಗಿ ಏಳುವುದೇ ಇಲ್ಲ. ಏಕೆಂದರೆ ದುಡ್ಡು ಮೇಲಿನಿಂದ ಬರುತ್ತದೆ. ಹಣಕಾಸು ಆಯೋಗದ ಅನುದಾನ, ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯ ಅನುದಾನ, ಶಾಸಕರ ನಿಧಿ, ಸಂಸದರ ನಿಧಿ. ಹದಿನೈದನೆಯ ಹಣಕಾಸು ಆಯೋಗ 2021ರಿಂದ 2026ರವರೆಗಿನ ಐದು ವರ್ಷಕ್ಕೆ ಪಂಚಾಯಿತಿಗಳಿಗೆ ಹೇಳಿದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಓಣಿಯ ಮನೆಯವರು ಕಟ್ಟುವುದು ಮನೆ ಕಂದಾಯ, ನೀರಿನ ಕರ ಮಾತ್ರ. ಅದನ್ನೂ ಎಲ್ಲರೂ ಕಟ್ಟುತ್ತಾರೆಂದಲ್ಲ.

ಪುಕ್ಕಟೆ ಬಂದ ಗಟಾರದ ತೊಂದರೆಯೆಂದರೆ ಅದು ಯಾರದೂ ಅಲ್ಲ. ದುಡ್ಡು ಕೊಟ್ಟವನು ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಕುಳಿತಿದ್ದಾನೆ, ಗುತ್ತಿಗೆದಾರ ಬಿಲ್ಲು ಪಡೆದು ಹೋಗಿದ್ದಾನೆ. ಗಟಾರದ ತಳ ಮೇಲಿನ ಮನೆಯ ಕಡೆಗೇ ಇಳಿಜಾರಾಗಿದೆಯೆಂದು ಹೇಳಿದರೆ ಕೇಳುವವರಾರು? ಕೈಯಿಂದ ನೂರು ರೂಪಾಯಿ ಕೊಟ್ಟವನು ಮೇಸ್ತ್ರಿಯ ಪಕ್ಕದಲ್ಲಿ ನಿಂತು ಮಟ್ಟ ನೋಡುತ್ತಾನೆ. ಏನೂ ಕೊಡದವನು ಕಟ್ಟೆಯ ಮೇಲೆ ಕುಳಿತು ಬೈಯುತ್ತಾನೆ. ಹಾಗೆಂದು ಮನೆಮನೆಗೆ ಚೀಟಿ ಹಂಚಿ ದುಡ್ಡು ಕೇಳಿದರೆ ನ್ಯಾಯ ತಾನಾಗಿ ಸಿಕ್ಕಿತೇ? ಅಲ್ಲಿಂದಲೇ ನಿಜವಾದ ತಕರಾರು ಶುರುವಾಗುತ್ತದೆ.

ಹತ್ತು ಮನೆಯ ಲೆಕ್ಕ

ಒಂದು ಓಣಿಯನ್ನು ಕಲ್ಪಿಸಿಕೊಳ್ಳೋಣ. ಹತ್ತು ಮನೆ. ಎರಡೂ ಬದಿ ಸೇರಿಸಿ ಓಣಿಗೆ ಮುಖ ಮಾಡಿದ ಗೋಡೆಗಳ ಉದ್ದ 400 ಅಡಿ. ಗಟಾರಕ್ಕೆ ಎರಡು ಲಕ್ಷ ರೂಪಾಯಿ ಖರ್ಚು. ಸುಲಭದ ಲೆಕ್ಕವೆಂದರೆ ತಲಾ 20,000. ಆದರೆ ಒಂದು ಮನೆ 15 ಅಡಿ ಅಗಲದ್ದು, ಇನ್ನೊಂದು 60 ಅಡಿಯದು. ಇಬ್ಬರಿಗೂ ಒಂದೇ ಹೊರೆಯೇ ಎಂಬ ಮಾತು ಏಳದೆ ಇರುವುದಿಲ್ಲ.

ಸರಿ, ಅಡಿಗೆ ಇಷ್ಟು ಎಂದು ಹಾಕೋಣ. ಅಡಿಗೆ 500 ರೂಪಾಯಿ. 15 ಅಡಿಯ ಮನೆಗೆ 7,500. 60 ಅಡಿಯ ಮನೆಗೆ 30,000. ಪ್ರಪಂಚದ ಬಹಳಷ್ಟು ಪಟ್ಟಣಗಳು ನೂರಾರು ವರ್ಷಗಳಿಂದ ಹಿಡಿದ ದಾರಿ ಇದೇ. ಟೇಪು ಹಿಡಿದು ಅಳೆದರಾಯಿತು, ವಾದವಿಲ್ಲ. ಆದರೆ ಆ 60 ಅಡಿಯ ಮನೆ ಮೂಲೆಮನೆ. ಅದರ ಬಾಗಿಲು, ಬಚ್ಚಲು ಎಲ್ಲ ಪಕ್ಕದ ಓಣಿಗೆ. ಈ ಓಣಿಗಿರುವುದು ಬೆನ್ನುಗೋಡೆ. ನಾಳೆ ಪಕ್ಕದ ಓಣಿಯ ಗಟಾರ ಕಟ್ಟಿದಾಗ ಅವನ ಮನೆಗೆ ಮತ್ತೆ ಚೀಟಿ ಬರುತ್ತದೆ. ಮೂಲೆಮನೆ ಕಟ್ಟಿಸಿದ್ದೇ ತಪ್ಪಾಯಿತೇ?

ಎದುರಿನ ಸಾಲಿನಲ್ಲಿ ಒಂದು ಹಳೆಯ ವಾಡೆಯಿದೆ ಎನ್ನೋಣ. ಮುಂದಿನ ಗೋಡೆ 40 ಅಡಿ. ಒಳಗೆ ಅಣ್ಣತಮ್ಮಂದಿರು ಪಾಲಾಗಿ ಐದು ಒಲೆ ಉರಿಯುತ್ತಿವೆ, ಐದು ಬಚ್ಚಲ ನೀರು ಒಂದೇ ತೂತಿನಿಂದ ಹೊರಗೆ ಬರುತ್ತದೆ. ಅಡಿ ಲೆಕ್ಕದಲ್ಲಿ ವಾಡೆಗೆ ಬೀಳುವುದು 20,000, ಅಂದರೆ ಒಲೆಗೆ 4,000. ಅದರ ಹಿಂದೆ, ಸಂದಿಯಲ್ಲಿ ನಡೆದು ಹೋಗಬೇಕಾದ ಇನ್ನೊಂದು ಮನೆಯಿದೆ. ಓಣಿಗೆ ಅದರ ಒಂದಡಿ ಗೋಡೆಯೂ ಇಲ್ಲ. ಓಡಾಡಲು ಇದೇ ರಸ್ತೆ, ನೀರು ಬಿಡಲು ಇದೇ ಗಟಾರ. ಚೀಟಿಯಲ್ಲಿ ಮಾತ್ರ ಸೊನ್ನೆ.

ಹಾಗಾದರೆ ಜಾಗದ ವಿಸ್ತೀರ್ಣದ ಮೇಲೆ ಹಾಕಬಹುದೇ? ಬಿದ್ದ ಗೋಡೆಗಳ ದೊಡ್ಡ ಹಿತ್ತಲಿನಲ್ಲಿ ಒಬ್ಬಳೇ ಮುದುಕಿ ಇರುವ ಮನೆಗೆ ಎಲ್ಲರಿಗಿಂತ ದೊಡ್ಡ ಮೊತ್ತ ಬರುತ್ತದೆ. ಬೆಲೆಯ ಮೇಲೆ ಹಾಕಬಹುದೇ? ಓಣಿಯ ಬಾಯಿಯಲ್ಲಿ ಅಂಗಡಿ ತೆರೆದವನು ಹೆಚ್ಚು ಕೊಡಬೇಕಾಗುತ್ತದೆ. ಅವನ ವ್ಯಾಪಾರಕ್ಕೆ ಒಳ್ಳೆಯ ರಸ್ತೆಯಿಂದ ಲಾಭವೂ ಹೆಚ್ಚು, ಅದು ಸರಿಯೇ. ಆದರೆ ಗಟಾರಕ್ಕೆ ಅವನು ಬಿಡುವುದು ಮುಂಜಾನೆ ಕಸಗುಡಿಸಿ ಚಿಮುಕಿಸಿದ ಒಂದು ಚರಿಗೆ ನೀರು!

ಎಲ್ಲಕ್ಕಿಂತ ಕಠಿಣವಾದದ್ದು ಓಣಿಯ ತಗ್ಗಿನಲ್ಲಿರುವ ಕೊನೆಯ ಮನೆಯ ಪ್ರಶ್ನೆ. ಮೇಲಿನ ಒಂಬತ್ತು ಮನೆಗಳ ಕೊಳಚೆ ಇಷ್ಟು ವರ್ಷವೂ ನಿಂತದ್ದು ಇವನ ಬಾಗಿಲಲ್ಲಿ. ಸೊಳ್ಳೆ, ನಾತ, ಗೋಡೆಗೆ ಹಿಡಿದ ಸವುಳು ಎಲ್ಲ ಇವನ ಪಾಲಿಗೆ. ಹೊಸ ಗಟಾರದಿಂದ ಅತಿ ಹೆಚ್ಚು ಅನುಕೂಲವಾಗುವುದೂ ಇವನಿಗೇ. ‘ಲಾಭ ಪಡೆದವನು ಕೊಡಲಿ’ ಎಂಬ ನಿಯಮವನ್ನು ಅಕ್ಷರಶಃ ಹಿಡಿದರೆ ಅತಿ ಹೆಚ್ಚು ದುಡ್ಡು ಕೊಡಬೇಕಾದವನೂ ಇವನೇ. ಇಷ್ಟು ದಿನ ಪರರ ನೀರಿನಲ್ಲಿ ನೆಂದವನು ಈಗ ಆ ನೀರನ್ನು ಸಾಗಿಸುವ ಕೂಲಿಯನ್ನೂ ಕೊಡಬೇಕೆಂದರೆ ಅದು ಯಾವ ನ್ಯಾಯ?

ಇಲ್ಲಿಯೇ ರಸ್ತೆಗೂ ಗಟಾರಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ರಸ್ತೆ ಮನೆಗೆ ಏನನ್ನೋ ತಂದುಕೊಡುತ್ತದೆ. ಗಾಡಿ ಬಾಗಿಲಿಗೆ ಬರುತ್ತದೆ, ಜಾಗದ ಬೆಲೆ ಏರುತ್ತದೆ. ಅದಕ್ಕೆ ಲಾಭದ ಲೆಕ್ಕ ಸರಿ. ಗಟಾರವಾದರೋ ಮನೆಯಿಂದ ಏನನ್ನೋ ಒಯ್ಯುತ್ತದೆ. ಅದಕ್ಕೆ ಲಾಭದ ಲೆಕ್ಕವಲ್ಲ, ಬಿಡುವ ನೀರಿನ ಲೆಕ್ಕ ಹೆಚ್ಚು ಸರಿ: ಎಷ್ಟು ಒಲೆ, ಎಷ್ಟು ಬಚ್ಚಲು, ಎಷ್ಟು ನಳ. ಜರ್ಮನಿಯ ಊರುಗಳಲ್ಲಿ ಈ ವಿಂಗಡಣೆಯನ್ನು ಇನ್ನೂ ಸೂಕ್ಷ್ಮವಾಗಿ ಮಾಡುತ್ತಾರೆ. ಬಳಸಿ ಬಿಟ್ಟ ನೀರಿಗೆ ಒಂದು ಶುಲ್ಕ, ಮಳೆನೀರಿಗೆ ಬೇರೆ ಶುಲ್ಕ. ಮಳೆನೀರಿನದು ಮಾಳಿಗೆ ಮತ್ತು ಕಾಂಕ್ರೀಟು ಹಾಕಿದ ಅಂಗಳದ ಅಳತೆಯ ಮೇಲೆ, ಏಕೆಂದರೆ ನೆಲಕ್ಕೆ ಇಂಗದೆ ಬೀದಿಗೆ ಓಡುವುದು ಆ ನೀರು. ಮಳೆ ಕಡಿಮೆಯಿರುವ ರಾಯಚೂರು ಸೀಮೆಯಲ್ಲಿ ವರ್ಷದ ಹೆಚ್ಚಿನ ದಿನ ಗಟಾರದಲ್ಲಿರುವುದು ಬಚ್ಚಲ ನೀರೇ ಆದ್ದರಿಂದ ಮೊದಲನೆಯ ಲೆಕ್ಕವೇ ಇಲ್ಲಿ ಮುಖ್ಯವಾದೀತು.

ಇನ್ನೊಂದು ಮಾತು. ಓಣಿಯ ಗಟಾರ ಓಣಿಯಲ್ಲಿ ಮುಗಿಯುವುದಿಲ್ಲ. ಅದು ಊರ ಹೊರಗಿನ ಹಳ್ಳಕ್ಕೆ ಸೇರಬೇಕು. ಓಣಿಯ ಬಾಯಿಂದ ಹಳ್ಳದವರೆಗಿನ ದೊಡ್ಡ ಗಟಾರದ ಖರ್ಚನ್ನು ಆ ದಾರಿಯಲ್ಲಿ ಮನೆ ಇರುವವರ ತಲೆಗೆ ಕಟ್ಟಬಾರದು. ಅದು ಇಡೀ ಊರಿನ ಬಾಬತ್ತು. ಹಾಗೆಯೇ ಜಾತ್ರೆಗೆ ಅಮರೇಶ್ವರಕ್ಕೆ ಹೋಗುವ ಬಸ್ಸು, ಟ್ರ್ಯಾಕ್ಟರುಗಳು ಓಡುವ ಹಾದಿಯನ್ನು ಅಗಲ ಮಾಡಿದರೆ ಅದರ ಬದಿಯ ಮನೆಯವರಿಗೆ ಬಿಲ್ಲು ಕಳಿಸುವುದು ತರವಲ್ಲ. ಅವರ ಪಾಲಿಗೆ ಧೂಳು, ಗದ್ದಲ ಸಾಕಷ್ಟು ಬಂದಿರುತ್ತದೆ.

ತನ್ನ ನೆಲಕ್ಕೆ ತಾನೇ ಬೆಲೆ ತೆತ್ತವಳು

ಈ ಜಗಳ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ 1427ರಷ್ಟು ಹಿಂದೆಯೇ ಕಡಲಂಚಿನ ಜೌಗುನೆಲದ ಒಡ್ಡು, ಕಾಲುವೆಗಳ ದುರಸ್ತಿಯ ಖರ್ಚನ್ನು ಅವುಗಳಿಂದ ಉಪಯೋಗ ಪಡೆಯುವ ಜಮೀನುದಾರರ ಮೇಲೆ ಹಂಚಲು ಕಾಯ್ದೆ ಬಂದಿತ್ತು. ಅಲ್ಲಿಯೇ 1892ರಲ್ಲಿ ಖಾಸಗಿ ಬೀದಿಗಳ ಕಾಮಗಾರಿಗೆಂದು ಬಂದ ಕಾಯ್ದೆಯಂತೂ ಮೇಲಿನ ಹತ್ತು ಮನೆಗಳನ್ನು ನೋಡಿಯೇ ಬರೆದಂತಿದೆ. ಖರ್ಚನ್ನು ಬೀದಿಗೆ ಮುಖ ಮಾಡಿದ ಉದ್ದದ ಮೇಲೆ ಹಂಚಬೇಕು. ಆದರೆ ಯಾವ ಮನೆಗೆ ಹೆಚ್ಚು ಉಪಯೋಗ, ಯಾವುದಕ್ಕೆ ಕಡಿಮೆ ಎಂಬುದನ್ನು ಪರಿಗಣಿಸಲು ಅವಕಾಶವಿದೆ. ಮನೆಯವನು ತಾನೇ ಮೊದಲು ಮಾಡಿಸಿದ ಕೆಲಸವನ್ನು ವಜಾ ಹಾಕಬಹುದು. ಬೀದಿಗೆ ಗೋಡೆಯಿಲ್ಲದೆ ಸಂದಿಯಿಂದ ಬರುವ ಮನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಅಮೆರಿಕದ ಒಂದು ಪ್ರಕರಣ ಇನ್ನೂ ಸ್ವಾರಸ್ಯದ್ದು. ಒಹಾಯೊ ರಾಜ್ಯದ ನಾರ್‌ವುಡ್ ಎಂಬ ಊರಿನವರು ಬೇಕರ್ ಎಂಬಾಕೆಯ ಜಮೀನಿನ ನಡುವೆ ರಸ್ತೆ ಹೊರಡಿಸಿದರು. ನೆಲಕ್ಕೆ 2,000 ಡಾಲರ್ ಪರಿಹಾರ ನಿಗದಿಯಾಯಿತು. ಅದಾದ ಮೇಲೆ, ರಸ್ತೆಯಿಂದ ಅನುಕೂಲವಾಗುವುದು ನಿನ್ನ ಉಳಿದ ಜಮೀನಿಗೇ ತಾನೆ ಎಂದು ಆ 2,000 ಡಾಲರನ್ನೂ, ಕೋರ್ಟಿನ ಖರ್ಚನ್ನೂ ಸೇರಿಸಿ ಆಕೆಗೇ ಬಿಲ್ಲು ಹಾಕಿದರು! ತನ್ನ ನೆಲವನ್ನು ಕಳೆದುಕೊಂಡ ಬೆಲೆಯನ್ನು ತಾನೇ ತೆರಬೇಕಾದ ಪಾಡು ಅದು. 1898ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆಕೆಯ ಪರ ನಿಂತಿತು. ಆಸ್ತಿಗೆ ಆದ ವಿಶೇಷ ಲಾಭಕ್ಕಿಂತ ಗಣನೀಯವಾಗಿ ಹೆಚ್ಚು ವಸೂಲಿ ಮಾಡಿದರೆ ಅದು ಪರಿಹಾರ ಕೊಡದೆ ಆಸ್ತಿಯನ್ನು ಕಸಿದಂತೆ ಎಂಬುದು ತೀರ್ಪಿನ ತಿರುಳು. ಮೂರೇ ವರ್ಷದ ಬಳಿಕ, 1901ರಲ್ಲಿ, ಅದೇ ನ್ಯಾಯಾಲಯ ಅಡಿ ಲೆಕ್ಕದ ಹಂಚಿಕೆಯನ್ನೂ ಎತ್ತಿಹಿಡಿಯಿತು ಎಂಬುದನ್ನು ಮರೆಯುವಂತಿಲ್ಲ. ನ್ಯಾಯಾಧೀಶರಿಗೂ ಟೇಪಿನ ಮೋಹ ಬಿಡುವುದು ಸುಲಭವಲ್ಲ. ಇಂದು ಮಿನ್ನೆಸೋಟಾ ರಾಜ್ಯದಲ್ಲಿ ಇಂಥ ವಸೂಲಿ ಆಸ್ತಿಯ ಬೆಲೆಯಲ್ಲಾದ ಏರಿಕೆಯನ್ನು ಮೀರುವಂತಿಲ್ಲ. 65 ದಾಟಿದ, ಕಟ್ಟಲು ಕಷ್ಟವಿರುವ ಮನೆಯೊಡೆಯರಿಗೆ ಊರಿನ ಆಡಳಿತ ಈ ಹೊರೆಯನ್ನು ಮುಂದೂಡಿಕೊಡಲು ಅವಕಾಶವೂ ಇದೆ. ದೊಡ್ಡ ಹಿತ್ತಲಿನ ಮುದುಕಿಯ ಪ್ರಶ್ನೆಗೆ ಅಲ್ಲಿ ಸಿಕ್ಕ ಉತ್ತರ ಇದು.

ನಮ್ಮಲ್ಲಿ ಕಾಯ್ದೆಗೇನು ಕೊರತೆಯಿಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆ, ಯೋಜನೆಯಿಂದ ಬೆಲೆ ಏರಿದ ಅಕ್ಕಪಕ್ಕದ ಜಮೀನಿನಿಂದ ಆ ಏರಿಕೆಯ ಮೂರನೆಯ ಒಂದು ಪಾಲನ್ನು ಅಭಿವೃದ್ಧಿ ತೆರಿಗೆಯಾಗಿ ಪಡೆಯಬಹುದೆಂದು ಹೇಳಿತು. ಹಳೆಯ ಮುಂಬಯಿ ಪ್ರಾಂತದಲ್ಲಿ 1915ರಷ್ಟು ಹಿಂದೆಯೇ ನಗರ ಯೋಜನಾ ಕಾಯ್ದೆ ಬಂದಿತ್ತು. ಆ ಪರಂಪರೆಯನ್ನು ಗುಜರಾತಿನವರು ಬಿಡದೆ ಹಿಡಿದರು. ಅಹಮದಾಬಾದಿನ ಹೊರವಲಯದಲ್ಲಿ ಎಲ್ಲರ ಜಮೀನನ್ನೂ ಒಟ್ಟುಗೂಡಿಸಿ, ರಸ್ತೆ, ಚರಂಡಿಗೆ ಬೇಕಾದಷ್ಟನ್ನು ಎಲ್ಲರಿಂದಲೂ ಕತ್ತರಿಸಿ, ಉಳಿದದ್ದನ್ನು ಚೊಕ್ಕ ನಿವೇಶನಗಳಾಗಿ ಅವರಿಗೇ ಹಿಂದಿರುಗಿಸುವ ಪದ್ಧತಿ ಬೆಳೆಯಿತು. ಅಲ್ಲಿ ವಂತಿಗೆ ಬೆಲೆಯೇರಿಕೆಯ ಅರ್ಧವನ್ನು ಮೀರುವಂತಿಲ್ಲ.

ಬೇಸಾಯದ ಜಮೀನಿಗೆ ಇದು ಹೊಂದುತ್ತದೆ. ಇನ್ನೂರು ವರ್ಷದ ಹಳೆಯ ಓಣಿಯಲ್ಲಿ ಯಾರ ಗೋಡೆಯನ್ನು ಕತ್ತರಿಸುವುದು? ಹೊಸ ಬಡಾವಣೆಯಲ್ಲಿ ಮಾತು ಬೇರೆ. ಅಲ್ಲಿ ರಸ್ತೆ, ಚರಂಡಿ ಮಾಡಿಸುವುದು ಬಡಾವಣೆ ಹಾಕಿದವನ ಹೊಣೆ, ಆ ಖರ್ಚು ನಿವೇಶನದ ಬೆಲೆಯಲ್ಲಿ ಸೇರಿರುತ್ತದೆ. ಅನುಮೋದನೆಯಿಲ್ಲದೆ ಹೊಲವನ್ನೇ ತುಂಡು ಮಾಡಿ ಮಾರಿದ ಕಡೆ ಕೊಂಡವನು ಅಗ್ಗಕ್ಕೆ ಕೊಂಡ, ರಸ್ತೆ ಬರಲಿಲ್ಲ. ಹತ್ತು ವರ್ಷದ ಮೇಲೆ ಸರ್ಕಾರದ ದುಡ್ಡಿನಲ್ಲಿ ಅಲ್ಲಿಗೆ ರಸ್ತೆ ಬಂದಾಗ, ಪೂರ್ತಿ ಬೆಲೆ ತೆತ್ತು ಅನುಮೋದಿತ ಬಡಾವಣೆಯಲ್ಲಿ ಕೊಂಡವನಿಗೆ ಹೊಟ್ಟೆ ಉರಿಯದಿರುತ್ತದೆಯೇ?

ಇದಕ್ಕೆ ನ್ಯಾಯಾಲಯ ಕೊಟ್ಟ ಒಂದು ಸೂತ್ರಕ್ಕೆ ಕನ್ನಡ ನೆಲದ ನಂಟಿದೆ. ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಸ್ವಾಮಿಗಳಿಗೂ ಆಗಿನ ಮದರಾಸು ಸರ್ಕಾರಕ್ಕೂ ನಡೆದ ವ್ಯಾಜ್ಯದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟು ತೆರಿಗೆಗೂ ಶುಲ್ಕಕ್ಕೂ ಗೆರೆ ಎಳೆಯಿತು. ತೆರಿಗೆ ಎಲ್ಲರ ಹೊರೆ, ಅದಕ್ಕೆ ಪ್ರತಿಫಲ ಕೇಳುವಂತಿಲ್ಲ. ಶುಲ್ಕ ಹಾಗಲ್ಲ, ಕೊಟ್ಟವನಿಗೆ ಮಾಡುವ ಸೇವೆಗೂ ಅದಕ್ಕೂ ಸಂಬಂಧವಿರಬೇಕು. ವಸೂಲಾದ ಹಣ ಸರ್ಕಾರದ ಸಾಮಾನ್ಯ ಬೊಕ್ಕಸದಲ್ಲಿ ಕರಗಿಹೋಗುವುದಾದರೆ ಅದನ್ನು ಶುಲ್ಕವೆನ್ನಲಾಗದು ಎಂದು ಆ ತೀರ್ಪು ಹೇಳಿತು. ಪೈಸೆಗೆ ಪೈಸೆ ತಾಳೆಯಾಗಬೇಕಿಲ್ಲವೆಂದು ನಂತರದ ತೀರ್ಪುಗಳು ಸಡಿಲಿಸಿದವು ನಿಜ. ಆದರೂ ಓಣಿಯ ಗಟಾರಕ್ಕೆಂದು ಎತ್ತಿದ ದುಡ್ಡು ಕಚೇರಿಯ ಜೀಪಿನ ಡೀಸೆಲ್ಲಿಗೆ ಹೋಗಬಾರದೆಂಬ ಜನಸಾಮಾನ್ಯರ ತಿಳಿವಳಿಕೆಗೂ ಆ ತೀರ್ಪಿಗೂ ದೂರವಿಲ್ಲ.

ನರಗುಂದದ ನೀರು

ಉಪಯೋಗಕ್ಕೆ ತಕ್ಕ ವಂತಿಗೆ ಎಂಬ ಈ ತತ್ವವನ್ನು ಕರ್ನಾಟಕ ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿ ನೋಡಿದ್ದು ಬೀದಿಗಳಲ್ಲಿ ಅಲ್ಲ, ಹೊಲಗಳಲ್ಲಿ. ಸರ್ಕಾರ ಅಣೆಕಟ್ಟು ಕಟ್ಟಿ ಕಾಲುವೆ ತಂದಿತು, ಒಣಭೂಮಿಯ ಬೆಲೆ ಏರಿತು, ಆ ಏರಿಕೆಯ ಪಾಲು ಸರ್ಕಾರಕ್ಕೂ ಸಲ್ಲಲಿ ಎಂಬ ತರ್ಕದಲ್ಲಿ 1957ರಲ್ಲಿ ನೀರಾವರಿ ಅಭಿವೃದ್ಧಿ ವಂತಿಗೆ ಹಾಗೂ ನೀರಿನ ದರದ ಕಾಯ್ದೆ ಬಂದಿತು. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ನ್ಯಾಯವಾದ ಕಾಯ್ದೆ ಇನ್ನೊಂದಿಲ್ಲ.

ಮಲಪ್ರಭಾ ಅಚ್ಚುಕಟ್ಟಿನಲ್ಲಿ ಅದು ಏನಾಯಿತೆಂಬುದು ಎಲ್ಲರಿಗೂ ತಿಳಿದ ಕತೆ. ಕಾಲುವೆಯ ನಕ್ಷೆಯಲ್ಲಿ ಬಂದ ಹೊಲಕ್ಕೆಲ್ಲ ಅಭಿವೃದ್ಧಿ ಕರ ಬಂತು. ನಕ್ಷೆಯಲ್ಲಿದ್ದ ನೀರು ಹೊಲಕ್ಕೆ ಬಂದಿರಲಿಲ್ಲ. ಬಂದ ಕಡೆ ಕೆಲವು ಎರೆಭೂಮಿಗಳಲ್ಲಿ ನೀರು ಜಿನುಗಿ ಜೌಗಾಗಿತ್ತು. ಇತ್ತ ಬೆಳೆಗೆ ಬೆಲೆಯಿಲ್ಲ, ಅತ್ತ ಬಾಕಿ ವಸೂಲಿಗೆ ಒತ್ತಾಯ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಸೇರಿದ ರೈತರ ಮೇಲೆ ಗೋಲಿಬಾರಾಗಿ ಜೀವಗಳು ಹೋದವು. ರಾಜ್ಯದ ರೈತ ಚಳವಳಿ ಹೊಸ ಕಸುವಿನಿಂದ ಎದ್ದು ನಿಂತದ್ದು ಆಗಲೇ. ಪ್ರತಿ ವರ್ಷ ಆ ದಿನವನ್ನು ಇಂದಿಗೂ ರೈತ ಹುತಾತ್ಮ ದಿನವಾಗಿ ಆಚರಿಸುತ್ತಾರೆ.

ಅಲ್ಲಿನ ರೈತ ಕೊಡುವುದಿಲ್ಲವೆಂದು ಹಟ ಹಿಡಿದವನಲ್ಲ. ಬಾರದ ನೀರಿಗೆ ಬಿಲ್ಲು ಬಂತಲ್ಲ ಎಂಬುದು ಅವನ ಸಂಕಟ. ಲಾಭವನ್ನು ಅಳೆದದ್ದು ಹೊಲದಲ್ಲಿ ನಿಂತು ಅಲ್ಲ, ನಕ್ಷೆಯ ಮುಂದೆ ಕುಳಿತು. ಸಿಂಧನೂರು ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದ ಗದ್ದೆ ಹೇಗಿರುತ್ತದೆ, ಕೊನೆಯಂಚಿನ ಹೊಲ ಹೇಗಿರುತ್ತದೆ ಎಂಬುದನ್ನು ಅವರು ವರ್ಷವರ್ಷವೂ ಕಾಣುತ್ತಾರೆ. ಕಾಲುವೆಯಲ್ಲಿ ಕೊನೆಯವನಿಗೆ ನೀರು ತಲುಪುವುದಿಲ್ಲ. ಗಟಾರದಲ್ಲಿ ಕೊನೆಯವನಿಗೆ ಎಲ್ಲರ ನೀರೂ ತಲುಪುತ್ತದೆ. ಎರಡರಲ್ಲೂ ಪೆಟ್ಟು ತಿನ್ನುವವನು ಕೊನೆಯವನೇ. ಅವನಿಗೂ ಮೊದಲನೆಯವನಿಗೂ ಒಂದೇ ದರ ಹಾಕುವವರು ನರಗುಂದವನ್ನು ಮರೆತಿದ್ದಾರೆಂದೇ ತಿಳಿಯಬೇಕು.

ಪಟ್ಟಣದವರು ಮರೆತಂತೆಯೇ ಕಾಣುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಸುತ್ತಲ ಏಳು ನಗರಸಭೆ, ಒಂದು ಪುರಸಭೆಗಳ ವ್ಯಾಪ್ತಿಗೆ ಕಾವೇರಿ ನೀರಿನ ಕೊಳವೆ ಹಾಕಲು ನಿವೇಶನದ ಅಳತೆಗೆ ತಕ್ಕಂತೆ ಮನೆಯವರಿಂದ ಮುಂಗಡವಾಗಿ ವಂತಿಗೆ ಎತ್ತಲಾಯಿತು. ಜನ ಕಟ್ಟಿದರು. ರಸೀದಿ ಬಂತು, ಕೊಳವೆಯೂ ಬಂತು, ನೀರಿಗೆ ಮಾತ್ರ ವರ್ಷಗಟ್ಟಲೆ ಕಾಯಬೇಕಾಯಿತು. ಅಷ್ಟರಲ್ಲಿ 2007ರಲ್ಲಿ ಆ ನಗರಸಭೆಗಳೇ ಮಹಾನಗರ ಪಾಲಿಕೆಯಲ್ಲಿ ಲೀನವಾದವು. ಕಂದಾಯ ಭೂಮಿಯಲ್ಲಿ ಮನೆ ಕಟ್ಟಿದವರು ಆ ರಸೀದಿಯನ್ನು ಜೋಪಾನವಾಗಿಟ್ಟರು. ತಾವೂ ಊರಿನವರೇ ಎಂಬುದಕ್ಕೆ ಅವರ ಕೈಯಲ್ಲಿದ್ದ ಪುರಾವೆಗಳಲ್ಲಿ ಅದೂ ಒಂದು. ಶುಲ್ಕ ಕೊಟ್ಟವನು ಹಕ್ಕನ್ನು ಕೇಳುತ್ತಾನೆ ಎಂಬುದನ್ನು ಶುಲ್ಕ ಹಾಕುವವರು ಮುಂಚೆ ಯೋಚಿಸಿರುವುದಿಲ್ಲ. 2025ರ ಕೊನೆಯಲ್ಲಿ ಬೆಂಗಳೂರಿನ ‘ಬಿ’ ಖಾತಾ ನಿವೇಶನಗಳನ್ನು ‘ಎ’ ಖಾತಾ ಮಾಡಿಕೊಡಲು ಮಾರ್ಗಸೂಚಿ ಬೆಲೆಯ ಶೇ 5ರಷ್ಟು ಶುಲ್ಕ ಹೇಳಲಾಯಿತು. ಬೆಲೆಯ ಮೇಲೆ ಹಾಕಿದ ದರ ಲೆಕ್ಕಕ್ಕೆ ಸುಲಭ, ಆದರೆ ಆ ಓಣಿಯ ಚರಂಡಿಗೆ ತಗಲುವ ಖರ್ಚೆಷ್ಟು ಎಂಬುದನ್ನು ಅದು ಹೇಳುವುದಿಲ್ಲ.

ಒಳ್ಳೆಯ ಉದಾಹರಣೆ ಇಲ್ಲವೆಂದಲ್ಲ. ಚೆನ್ನೈ ಪಕ್ಕದ ಆಲಂದೂರಿನಲ್ಲಿ 1990ರ ದಶಕದ ಕೊನೆಯಲ್ಲಿ ಒಳಚರಂಡಿ ಯೋಜನೆಗೆ ಪ್ರತಿ ಮನೆಯಿಂದ 5,000 ರೂಪಾಯಿ ಠೇವಣಿ ಕೇಳಿದರು, ಆಮೇಲೆ ತಿಂಗಳಿಗೆ 150 ರೂಪಾಯಿ. ಅಂದಿನ 5,000 ಸಣ್ಣ ದುಡ್ಡಲ್ಲ. ಅಲ್ಲಿಯೂ ಮುಂಗಡವೇ. ಆದರೂ ಸಾವಿರಾರು ಮನೆಯವರು ಕೊಟ್ಟರು. ಪುರಸಭೆಯ ಅಧ್ಯಕ್ಷರು, ನಿವಾಸಿಗಳ ಸಂಘಗಳು ಬೀದಿಬೀದಿಗೆ ಹೋಗಿ ಲೆಕ್ಕ ಬಿಡಿಸಿ ಹೇಳಿದರು. ಅದಕ್ಕಿಂತ ಹೆಚ್ಚಾಗಿ, ಅಗೆತ ಶುರುವಾದದ್ದು ಜನರ ಕಣ್ಣಿಗೆ ಬಿತ್ತು. ಎಲ್ಲ ಮನೆಗೂ ಒಂದೇ ಮೊತ್ತವೆಂಬುದರಲ್ಲಿ ಹತ್ತು ಮನೆಯ ಲೆಕ್ಕದ ದೋಷವೆಲ್ಲ ಇತ್ತು. ನೀರು ಹರಿಯುವುದು ಖಾತ್ರಿಯಿದ್ದಾಗ ಜನ ಅಡಿ, ಅಂಗುಲದ ಜಗಳವನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ.

ಹಳ್ಳಿಗಳಿಗೂ ಇದು ಅಪರಿಚಿತವಲ್ಲ. ವಿಶ್ವಬ್ಯಾಂಕಿನ ನೆರವಿನ ಜಲನಿರ್ಮಲ ಯೋಜನೆ 2002ರ ಸುಮಾರಿಗೆ ರಾಯಚೂರೂ ಸೇರಿ ಉತ್ತರದ 11 ಜಿಲ್ಲೆಗಳಿಗೆ ಬಂದಾಗ ನೀರಿನ ಕೆಲಸಕ್ಕೆ ಊರವರ ಪಾಲನ್ನು ಕೇಳಿತ್ತು. 2019ರಲ್ಲಿ ಶುರುವಾದ ಜಲಜೀವನ ಮಿಷನ್ನಿನ ನಿಯಮದಲ್ಲೂ ಊರೊಳಗಿನ ಕೆಲಸದ ವೆಚ್ಚದ ಶೇ 10ರಷ್ಟನ್ನು ಜನರು ನಗದು, ವಸ್ತು ಅಥವಾ ಶ್ರಮದ ರೂಪದಲ್ಲಿ ಕೊಡಬೇಕೆಂದಿದೆ. ಪರಿಶಿಷ್ಟ ಜಾತಿ, ಪಂಗಡದವರು ಅರ್ಧಕ್ಕಿಂತ ಹೆಚ್ಚಿರುವ ಊರಿಗೆ ಶೇ 5. ಶ್ರಮವನ್ನೂ ವಂತಿಗೆಯೆಂದು ಒಪ್ಪುವ ಈ ಮಾತು ದೊಡ್ಡದು. ಆದರೆ ನಳ ಬಂದ ಊರುಗಳಲ್ಲಿ ಇನ್ನೊಂದನ್ನೂ ಕಾಣಬಹುದು. ಕೊಳವೆ ಹೂಳಲು ಕಾಂಕ್ರೀಟು ರಸ್ತೆಯ ನಡುವೆ ಸೀಳಿದ ಗೆರೆ, ಅದರ ಮೇಲೆ ಅರ್ಧಂಬರ್ಧ ಮುಚ್ಚಿದ ಮಣ್ಣು. ಮನೆಗೆ ನೀರು ಹೆಚ್ಚು ಬಂದಷ್ಟೂ ಬಚ್ಚಲಿನಿಂದ ಹೊರಬೀಳುವುದೂ ಹೆಚ್ಚು. ನಳಕ್ಕೆ ಯೋಜನೆ ಬಂದ ವೇಗದಲ್ಲಿ ಗಟಾರಕ್ಕೆ ಬರಲಿಲ್ಲ.

2021ರ ಸುಮಾರಿಗೆ ಉದ್ಯೋಗ ಖಾತ್ರಿಯಡಿ ನಡೆದ ಬಚ್ಚಲು ಗುಂಡಿ ಅಭಿಯಾನ ಇದಕ್ಕೊಂದು ಪರಿಹಾರ ಹುಡುಕಿತು. ನೀರನ್ನು ಬೀದಿಗೆ ಬಿಡದೆ ಮನೆಯ ಪಕ್ಕದಲ್ಲೇ ಇಂಗಿಸುವುದು. ಮಸಾರಿ ನೆಲದಲ್ಲಿ ಇದು ನಡೆಯುತ್ತದೆ. ಎರಿಮಣ್ಣಿಗೆ ನೀರು ಇಂಗುವುದು ನಿಧಾನ, ಒತ್ತಾಗಿ ಕಟ್ಟಿದ ಓಣಿಯಲ್ಲಿ ಗುಂಡಿಗೆ ಜಾಗವೂ ಇಲ್ಲ. ಜಾಗವಿದ್ದು ತೋಡಿಸಿಕೊಂಡವನು ಗಟಾರಕ್ಕೆ ನೀರು ಬಿಡುವುದಿಲ್ಲವಷ್ಟೆ? ಅವನ ಪಾಲನ್ನು ಇಳಿಸಲೇಬೇಕು. ಇಂಗ್ಲೆಂಡಿನ ಕಾಯ್ದೆ ಹೇಳಿದ ‘ಮೊದಲೇ ಮಾಡಿಸಿದ ಕೆಲಸ’ ಇದೇ.

ಗುರುಗುಂಟಾದಂಥ ಊರಿನ ಓಣಿಯಲ್ಲಿ ನಾಳೆ ಇಂಥದೊಂದು ವಂತಿಗೆ ಎತ್ತುವ ಮಾತು ಬಂದರೆ ಅದು ತೀರ್ಮಾನವಾಗಬೇಕಾದ ಜಾಗ ಗ್ರಾಮಸಭೆ, ಅದಕ್ಕೂ ಮೊದಲು ವಾರ್ಡ್ ಸಭೆ. 1993ರ ಪಂಚಾಯತ್ ರಾಜ್ ಕಾಯ್ದೆಯ ವ್ಯವಸ್ಥೆಯಲ್ಲಿ ಅವೆರಡಕ್ಕೂ ಜಾಗವಿದೆ. ದೊಡ್ಡ ಗಟಾರ, ಹಳ್ಳದವರೆಗಿನ ದಾರಿ ಅನುದಾನದಲ್ಲಿ ಆಗಲಿ. ಓಣಿಯ ಒಳಗಿನದಕ್ಕೆ ಒಲೆಯ ಲೆಕ್ಕದಲ್ಲಿ ಸಣ್ಣ ಪಾಲು, ಅದೂ ಕಂತಿನಲ್ಲಿ. ದುಡ್ಡಿಲ್ಲದವನು ನಾಲ್ಕು ದಿನ ಅಗೆಯಲಿ. ಮುದುಕಿಯದು ಮನೆ ಕೈಬದಲಾಗುವವರೆಗೆ ಬಾಕಿ ನಿಲ್ಲಲಿ. ಮೊದಲ ಕಂತನ್ನು ಕೇಳುವುದು ಮೊದಲ ಮಳೆ ಕಳೆದ ಮೇಲೆ, ನೀರು ಎಲ್ಲಿ ನಿಂತಿತು, ಎಲ್ಲಿ ಹರಿಯಿತು ಎಂಬುದನ್ನು ಎಲ್ಲರೂ ನೋಡಿದ ಮೇಲೆ. ಗುತ್ತಿಗೆದಾರನಿಗೆ ಕೊನೆಯ ಬಿಲ್ಲೂ ಅಲ್ಲಿಯವರೆಗೆ ತಡೆದರೆ ತಪ್ಪೇನಿಲ್ಲ.

ಇಷ್ಟೆಲ್ಲ ಆಗುವ ಮುನ್ನ ಮಾಡಬೇಕಾದ ಒಂದು ಕೆಲಸಕ್ಕೆ ಹೆಚ್ಚು ದುಡ್ಡು ಬೇಕಿಲ್ಲ. ಮೇಸ್ತ್ರಿಗಳ ಬಳಿ ನೀರು ತುಂಬಿದ ಉದ್ದನೆಯ ಪಾರದರ್ಶಕ ನಳಿಕೆ ಇರುತ್ತದೆ; ಎರಡು ತುದಿಯನ್ನು ಎರಡು ಕಡೆ ಹಿಡಿದರೆ ಯಾವುದು ಮೇಲು, ಯಾವುದು ತಗ್ಗು ಎಂಬುದು ಕೂಡಲೇ ಗೊತ್ತಾಗುತ್ತದೆ. ಓಣಿಯ ಹತ್ತೂ ಹೊಸ್ತಿಲುಗಳ ಮಟ್ಟವನ್ನು ಅದರಲ್ಲಿ ಹಿಡಿದು ಗೋಡೆಯ ಮೇಲೆ ಗೆರೆ ಎಳೆಯಬೇಕು. ಹಳೆಯ ಕಾಂಕ್ರೀಟನ್ನು ಎಷ್ಟು ಕಿತ್ತು ರಸ್ತೆಯನ್ನು ಎಷ್ಟು ಇಳಿಸಬೇಕೆಂಬುದನ್ನು ಆ ಗೆರೆಗಳೇ ಹೇಳುತ್ತವೆ. ಮೊದಲ ಗೆರೆ ಬೀಳಬೇಕಾದದ್ದು ತಗ್ಗಿನ ಮನೆಯ ಗೋಡೆಯ ಮೇಲೆ.